ಅಡೆ ತೆರೆದು ನೋಡಿದವನು

ಕಳೆದ ಸೋಮವಾರ ಬೆಳಗ್ಗೆ ಚನ್ನಗಿರಿಯ ನಮ್ಮ ಮನೆಯಲ್ಲಿ ಮಾವಿನಕಾಯಿಗಳನ್ನು ಹಣ್ಣಾಗಲೆಂದು ಅಡೆಗೆ ಹಾಕಲಾಯಿತು. ಹಾಕಿದವರು ಸಂತೇಬೆನ್ನೂರಿನಿಂದ ಚೀಲ ಹೊತ್ತು ಬಂದಿಳಿದ ನನ್ನ ಅತ್ತೆ. ಬಿದಿರಿನ ಬುಟ್ಟಿಯಲ್ಲಿ ಕಾಯಿ, ಸುತ್ತ ಒಣ ಭತ್ತದ ಹುಲ್ಲು, ಮೇಲೆ ಗೋಣಿಚೀಲ. ಭಾನುವಾರ ನನ್ನ ಮಗಳ ಕುಬಸ. ಚೊಚ್ಚಲ ಬಸುರಿ ಬಯಸಿದ್ದು ಸೀರೆಯನ್ನಲ್ಲ, ಅಜ್ಜಿಯ ಕೈಯ ಮಾವಿನ ಸೀಕರಣೆಯನ್ನು. ಆರು ದಿನ ಯಾರೂ ಬುಟ್ಟಿ ಮುಟ್ಟಬಾರದು ಎಂದು ಅತ್ತೆ ಹೇಳಿದ್ದನ್ನು ಮನೆಯವರೆಲ್ಲ ಕೇಳಿಸಿಕೊಂಡರು. ನಾನೂ ಕೇಳಿಸಿಕೊಂಡೆ.

ಆದರೆ ಪತ್ರಿಕೆಯ ಕೆಲಸ ನನ್ನನ್ನು ಒಂದು ವಿಷಯದಲ್ಲಿ ಕೆಡಿಸಿದೆ. ಖಚಿತಪಡಿಸಿಕೊಳ್ಳದೆ ನನಗೆ ಕೂರಲಾಗದು. ಹೊನ್ನಾಳಿಯ ಹಿರಿಯರೊಬ್ಬರು ತೀರಿಕೊಂಡರೆಂಬ ಸುದ್ದಿ ಬಂದಾಗ, ನಿಜವೇ ಎಂದು ಕೇಳಲು ಅವರಿಗೇ ಫೋನ್ ಮಾಡಿದವನು ನಾನು. ಅವರೇ ಎತ್ತಿದರು. ಸುದ್ದಿ ಕೈಬಿಡಬೇಕಾಯಿತು. ಅವರು ಇವತ್ತಿಗೂ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ, "ಇನ್ನೂ ಇದೀನಿ, ಬರ್ಕಳ್ರಿ" ಅನ್ನುತ್ತಾರೆ.

ಇಂಥವನ ಕೈಗೆ ಯಂತ್ರ ಸಿಕ್ಕಿತು. ನ್ಯಾಮತಿಯ ರೈತರ ತರಬೇತಿಯೊಂದರ ವರದಿಗೆ ಹೋದಾಗ ನೋಡಿದ್ದು. ಮೊಬೈಲಿನಷ್ಟೇ ಗಾತ್ರ. ಹಣ್ಣಿನ ಹತ್ತಿರ ಹಿಡಿದರೆ ಅದು ಬಿಡುವ ಅನಿಲವನ್ನು ಮೂಸಿ ನೋಡಿ, ಕಾಯಿಯಾದರೆ ಹಸಿರು ದೀಪ, ಹಣ್ಣಾದರೆ ಹಳದಿ ದೀಪ ಹೊತ್ತಿಸುತ್ತದೆ. ವರದಿಗೆ ಬೇಕೆಂದು ಒಂದು ವಾರಕ್ಕೆ ಕೇಳಿ ತಂದೆ.

ಮಂಗಳವಾರ ಗೋಣಿಚೀಲ ಸರಿಸಿ, ಹುಲ್ಲು ಬಿಡಿಸಿ ಯಂತ್ರ ಹಿಡಿದೆ. ಹಸಿರು. ಮಧ್ಯಾಹ್ನ ಊಟಕ್ಕೆ ಬಂದಾಗ ಮತ್ತೆ ಹಿಡಿದೆ. ಬುಧವಾರ ನಾಲ್ಕು ಸಲ. ಸವಳಂಗಕ್ಕೆ ವರದಿಗೆ ಹೋದವನು ಚಹಾ ಕುಡಿಯದೆ ಬೈಕ್ ತಿರುಗಿಸಿಕೊಂಡು ಬಂದೆ. ಪ್ರತಿ ಸಲವೂ ಸಮಯ ಮತ್ತು ದೀಪದ ಬಣ್ಣವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಗುರುವಾರ ಬುಟ್ಟಿಯಲ್ಲಿ ಕೈಯಿಟ್ಟಿರುವಾಗಲೇ ಅತ್ತೆ ಬಂದು ನಿಂತರು.

"ಅಳಿಯಾರೆ, ಹಿಂಗೆ ಗಳಿಗೆಗೊಂದು ಸಲ ತೆಗೆದ್ರೆ ಒಳಗಿನ ಬಿಸಿ ಹೋಗ್ತೈತೆ. ಆಮೇಲೆ ಹೆಂಗೆ ಹಣ್ಣಾಗ್ತಾವೆ?"

ಹಣ್ಣಾಗುತ್ತಿದೆಯೋ ಇಲ್ಲವೋ ತಿಳಿಯಲೆಂದೇ ತೆಗೆದದ್ದು ಎಂದೆ. ಅವರು ಹುಲ್ಲು ಸರಿಮಾಡಿ, ಗೋಣಿಚೀಲ ಹೊದಿಸಿ ಹೋದರು.

ಶನಿವಾರವೂ ಹಸಿರೇ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ಯಂತ್ರ ಹಿಡಿದುಕೊಂಡೇ ಮನೆಯೆಲ್ಲ ಅಲೆದೆ. ಉಗ್ರಾಣದಲ್ಲಿ ಮೆಕ್ಕೆಜೋಳದ ಚೀಲಗಳ ಬಳಿ ನಿಂತಾಗ ಹಳದಿ ದೀಪ ಹೊತ್ತಿತು. ಮೆಕ್ಕೆಜೋಳವನ್ನು ಮಾವಿನಹಣ್ಣು ಅನ್ನುವ ಯಂತ್ರವನ್ನು ಇಷ್ಟು ದಿನ ನಂಬಿದೆನಲ್ಲ ಎಂದು ನೋಟ್‌ಬುಕ್ಕಿನಲ್ಲಿ 'ಯಂತ್ರ ದೋಷ' ಎಂದು ಬರೆದು ಅಡಿಗೆರೆ ಎಳೆದೆ. ಪೇಟೆಯಿಂದ ಹಣ್ಣು ತರಲೇ ಎಂದು ಅತ್ತೆಯನ್ನು ತಗ್ಗಿದ ದನಿಯಲ್ಲಿ ಕೇಳಿದೆ. ಸುಮ್ಮನೆ ಕೂರಲು ಹೇಳಿದರು. ನನ್ನಿಂದ ಆಗದ ಕೆಲಸ ಅದೊಂದೇ.

ಭಾನುವಾರ ಬೆಳಗ್ಗೆ ಅತ್ತೆ ಉಗ್ರಾಣಕ್ಕೆ ಹೋಗಿ ಚೀಲಗಳ ಹಿಂದಿನಿಂದ ಇನ್ನೊಂದು ಬುಟ್ಟಿ ಎಳೆದರು. ಹುಲ್ಲು ತೆಗೆದದ್ದೇ ತಡ, ಘಮ ನಡುಮನೆಯವರೆಗೂ ಬಂತು.

"ಇಪ್ಪತ್ತೇಳು ವರ್ಷದಿಂದ ನೋಡ್ತಿದೀನಿ ನಿಮ್ಮನ್ನ," ಎಂದರು. "ಅದಕ್ಕೇ ನಿಮಗೊಂದು ಬುಟ್ಟಿ, ಮೊಮ್ಮಗಳಿಗೊಂದು ಬುಟ್ಟಿ ಹಾಕಿದ್ದೆ."

ಮಗಳು ಸೀಕರಣೆಯನ್ನು ಎರಡು ಸಲ ಹಾಕಿಸಿಕೊಂಡಳು. 'ಯಂತ್ರ ದೋಷ'ವನ್ನು ಹೊಡೆದುಹಾಕಲಾಗಿದೆ. ಇಂದು ಸಂಜೆ ಐದೂವರೆಗೆ ದೊರೆತ ಕೊನೆಯ ಮಾಹಿತಿಯಂತೆ, ನನ್ನ ಬುಟ್ಟಿಯಲ್ಲಿ ಇನ್ನೂ ಹಸಿರು ದೀಪವೇ ಉರಿಯುತ್ತಿದೆ.