ಒಂದು ಟೇಬಲ್ ಫ್ಯಾನಿನ ವಿಚಾರಣೆ

ಪ್ರಶ್ನೆ ಕೇಳುವುದೂ ಒಂದು ವಿದ್ಯೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನನಗೆ ಬಾಯಿ ಇದೆ, ಕೇಳುತ್ತೇನೆ. ಎದುರಿಗಿರುವವನಿಗೂ ಬಾಯಿ ಇದೆ, ಹೇಳುತ್ತಾನೆ. ಹೇಳದಿದ್ದರೆ ಇನ್ನೂ ಜೋರಾಗಿ ಕೇಳುತ್ತೇನೆ. ಇದರಲ್ಲಿ ಕಲಿಯುವುದೇನಿದೆ? ನಾನು ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು. ಅಷ್ಟರೊಳಗೆ ಅಲ್ಲಿ ಕಲಿತು ಮರೆಯದೆ ಉಳಿಸಿಕೊಂಡದ್ದು ಈ ಪದ್ಧತಿಯೊಂದನ್ನೇ. ನಮ್ಮ ಮೇಷ್ಟ್ರು ಸಿಕ್ಕವನ ಕಿವಿ ಹಿಂಡುತ್ತಾ "ಯಾರೋ ಗ್ಲೋಬ್ ಒಡೆದದ್ದು?" ಎಂದು ಗುಡುಗಿದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ ಒಂದು ಹೆಸರು ಹೇಳುತ್ತಿತ್ತು. ಅದು ಯಾವಾಗಲೂ ಅವತ್ತು ಶಾಲೆಗೆ ಬಾರದವನ ಹೆಸರೇ ಆಗಿರುತ್ತಿತ್ತು ಎಂಬುದನ್ನು ನಾನು ಗಮನಿಸಿದ್ದೆ. ಆದರೆ ಅದರಿಂದ ಏನೂ ತಿಳಿದುಕೊಳ್ಳಲಿಲ್ಲ.

ಆಮೇಲೆ ಶಿವಮೊಗ್ಗದಲ್ಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಸೇರಿ, ತಾಮ್ರದ ತಂತಿ ಸುತ್ತಿ ಸುತ್ತಿ ಕೈ ಪಳಗಿಸಿಕೊಂಡು, ಕೊನೆಗೆ ಸ್ವಂತ ಅಂಗಡಿ ಇಟ್ಟೆ. ಆಲ್ಕೊಳದ ಹತ್ತಿರ ಮನೆ ಕಟ್ಟಿಸಿದೆ. ಸ್ವಲ್ಪ ಜಂಬ ಇದೆ ನನಗೆ, ಇರಲಿ ಬಿಡಿ, ದುಡಿದವನಿಗೆ ಅಷ್ಟೂ ಬೇಡವೇ? ಮೋಟಾರುಗಳ ಜೊತೆ ನನ್ನದೇನೂ ತಕರಾರಿಲ್ಲ. ಟೆಸ್ಟ್ ಲ್ಯಾಂಪಿನ ಎರಡು ತಂತಿ ಮುಟ್ಟಿಸಿದರೆ ದೀಪ ಹತ್ತುತ್ತದೆ, ಇಲ್ಲವೇ ಹತ್ತುವುದಿಲ್ಲ. ಸತ್ಯ ಅಲ್ಲಿಗೇ ಹೊರಬಿತ್ತು. ತೊಂದರೆಯೆಲ್ಲ ಮೋಟಾರನ್ನು ಹೊತ್ತು ತರುವವರ ಜೊತೆಗೆ. "ಏನ್ ಮಾಡಿ ಸುಟ್ರಿ ಇದನ್ನ?" ಎಂದು ಕೇಳಿದರೆ ಸುತ್ತಮುತ್ತಲಿನ ರೈತರೆಲ್ಲರದೂ ಒಂದೇ ಉತ್ತರ: "ನಾವೇನೂ ಮಾಡ್ಲಿಲ್ಲ, ತಾನಾಗೇ ಸುಟ್ಟೋಯ್ತು." ಇಷ್ಟು ವರ್ಷದಲ್ಲಿ ಮನುಷ್ಯರು ಸುಟ್ಟ ಮೋಟಾರು ಒಂದೂ ನನ್ನ ಅಂಗಡಿಗೆ ಬಂದಿಲ್ಲ. ಇದಕ್ಕೆ ನನ್ನ ಹೆಂಡತಿ ಗಿರಿಜಾ ಕೊಡುವ ಕಾರಣ ಬೇರೆ. "ನೀವೆಲ್ಲಿ ಪ್ರಶ್ನೆ ಕೇಳ್ತೀರಿ? ಬೈದು, ಕೊನೇಲಿ ಒಂದು 'ಆಂ?' ಅಂತ ಸೇರಿಸ್ತೀರಿ ಅಷ್ಟೇ" ಎನ್ನುತ್ತಾಳೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮಗಳು ಸುಮಾಳಿಗೆ ಭದ್ರಾವತಿಯಿಂದ ಒಂದು ಸಂಬಂಧ ಬಂತು. ಹುಡುಗ ಮಂಜುನಾಥ, ಕಾರ್ಖಾನೆಯಲ್ಲಿ ಕೆಲಸ, ಕ್ವಾರ್ಟರ್ಸಿನಲ್ಲಿ ಮನೆ. ನೋಡಲು ಬಂದವನು ನಾಚಿಕೆಪಡದೆ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡ. ಅದು ನನಗೆ ಹಿಡಿಸಿತು. ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ, ಅವನಿಗೆ ಹಿಂದೆ ಒಂದು ಕಡೆ ನಿಶ್ಚಿತಾರ್ಥವಾಗಿ ಮುರಿದುಹೋಗಿತ್ತು ಎಂದು ಯಾರೋ ಕಿವಿಗೆ ಹಾಕಿದರು. ಯಾಕೆ ಮುರಿಯಿತು? ಅದನ್ನು ಮಾತ್ರ ಹೇಳುವವರಿಲ್ಲ. ಇರುವವಳು ಒಬ್ಬಳೇ ಮಗಳು. ಕುಡಿಯುತ್ತಾನೋ, ಹೊಡೆಯುತ್ತಾನೋ, ಇನ್ನೇನಾದರೂ ರೋಗವೋ ಎಂದು ಯೋಚಿಸಿ ಯೋಚಿಸಿ ನನಗೆ ಅನ್ನ ಸೇರದಾಯಿತು. ಇಂಥ ಹೊತ್ತಿನಲ್ಲಿ ಹುಡುಗನ ಊರಿಗೆ ಹೋಗಿ ಸದ್ದಿಲ್ಲದೆ ವಿಚಾರಿಸಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಸಾಮಾನ್ಯವಾಗಿ ಹುಡುಗಿಯ ಸೋದರಮಾವನನ್ನು ಕಳಿಸುತ್ತಾರೆ. "ಅವನ್ಯಾಕೆ? ನಾನೇ ಹೋಗ್ತೀನಿ. ಅರ್ಧ ದಿನದಲ್ಲಿ ಇಡೀ ಬೀದಿಯ ಬಾಯಿ ಬಿಡಿಸ್ಕೊಂಡು ಬರ್ತೀನಿ" ಎಂದೆ. "ಬಾಯಿ ಬಿಡಿಸಿ, ಯಾರ್ದೂ ಹಲ್ಲು ಉದುರಿಸ್ಬೇಡಿ" ಎಂದಳು ಗಿರಿಜಾ.

ಬಸ್ಸಿಳಿದವನೇ ಕ್ವಾರ್ಟರ್ಸಿನ ಮೂಲೆಯ ಟೀ ಅಂಗಡಿಗೆ ಹೋದೆ. ನಾನು ಹೊರಗೆ ಟೀ ಕುಡಿಯುವವನಲ್ಲ. ಹಾಗಾಗಿ ನಿಂತೇ ಕೇಳಿದೆ: "ಇಲ್ಲಿ ಮಂಜುನಾಥ ಅಂತ ಇದಾನಲ್ಲ, ಕುಡೀತಾನಾ?" ಬೆಂಚಿನ ಮೇಲೆ ಪೇಪರು ಓದುತ್ತಿದ್ದವರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದುಕೊಂಡರು. ಅಂಗಡಿಯ ಮುರುಗೇಶ "ಟೀನಾ ಸಾರ್?" ಎಂದ.

"ಟೀ ಅಲ್ಲಯ್ಯ, ಎಣ್ಣೆ!"

"ಅಯ್ಯಯ್ಯೋ, ತಂಗಂ ಸಾರ್ ಆ ಹುಡುಗ, ತಂಗಂ! ಬಂಗಾರ!"

"ಹಂಗಾದ್ರೆ ನಿಶ್ಚಿತಾರ್ಥ ಯಾಕ್ ಮುರೀತು?"

"ಯಾವ್ ನಿಶ್ಚಿತಾರ್ಥ ಸಾರ್?"

ಕಟಿಂಗ್ ಶಾಪಿನವನನ್ನು ಹಿಡಿದೆ. ತುಂಬಾ ಯೋಚಿಸಿ "ಒಳ್ಳೆ ಕೂದ್ಲು ಸಾರ್ ಅವ್ರದ್ದು" ಎಂದ. ಹುಡುಗನ ಪಕ್ಕದ ಮನೆಯ ಬಾಗಿಲು ಬಡಿದೆ. ಒಳಗಿದ್ದ ಹೆಂಗಸು ಕಿಟಕಿಯಿಂದ ನನ್ನನ್ನು ನೋಡಿ, "ಮನೇಲಿ ಯಾರೂ ಇಲ್ಲ" ಎಂದು ತಾನೇ ಹೇಳಿ ಕಿಟಕಿ ಮುಚ್ಚಿದಳು. ಉಳಿದವರೆಲ್ಲರ ಬಾಯಲ್ಲೂ ಬಂಗಾರ, ಬಂಗಾರ. ಅಷ್ಟೊಂದು ಬಂಗಾರ ಒಂದೇ ಬೀದಿಯಲ್ಲಿ ಸಿಕ್ಕರೆ ಯಾರಿಗಾದರೂ ಅನುಮಾನ ಬರುತ್ತದೆ. ಹೋದಾಗ ಇದ್ದ ಹೆದರಿಕೆಯನ್ನು ದುಪ್ಪಟ್ಟು ಮಾಡಿಕೊಂಡು ವಾಪಸು ಬಂದೆ.

ಅದಾದ ವಾರದೊಳಗೆ, ಒಂದು ಮಧ್ಯಾಹ್ನ, ಬಿಳಿ ಪಂಚೆಯ ಹಿರಿಯರೊಬ್ಬರು ಹಳೆಯ ಟೇಬಲ್ ಫ್ಯಾನನ್ನು ಟವಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ನನ್ನ ಅಂಗಡಿಗೆ ಬಂದರು. "ತಿರುಗುತ್ತೆ ಯಜಮಾನ್ರೇ, ಆದ್ರೆ ಶುರುವಿಗೆ ಬೆರಳಲ್ಲಿ ಸ್ವಲ್ಪ ತಳ್ಬೇಕು. ನಾನು ಹೊಳಲೂರಿನೋನು, ನಂಗಿದೆಲ್ಲ ತಿಳಿಯಲ್ಲ" ಎಂದರು. ಕೆಪಾಸಿಟರ್ ಹೋಗಿದೆ, ಬದಲಿಸಿದರೆ ಆಯಿತು, ಹತ್ತು ನಿಮಿಷದ ಕೆಲಸ ಎಂದೆ. ಅವರು ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂರದೆ ಪಕ್ಕಕ್ಕೆ ಕೂತರು. ಮೇಜಿನ ಮೇಲೆ ಅರ್ಧ ಸುತ್ತಿ ಇಟ್ಟಿದ್ದ ಪಂಪ್‌ಸೆಟ್ಟಿನ ಮೋಟಾರನ್ನು ನೋಡುತ್ತಾ, "ಇಷ್ಟು ಒಪ್ಪವಾಗಿ ಕೈಯಲ್ಲೇ ಸುತ್ತಿದ್ದಾ? ಮೊದಲು ಎಲ್ಲಿಂದ ಶುರು ಮಾಡ್ತೀರಿ?" ಎಂದರು.

ನೋಡಿ, ಇಷ್ಟು ವರ್ಷದ ಅಂಗಡಿಯಲ್ಲಿ ಇದನ್ನು ನನಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಕೇಳುವುದು "ಯಾವಾಗ ಕೊಡ್ತೀರಿ?" ಅಷ್ಟೇ. ನಾನು ಶುರು ಮಾಡಿದೆ. ಸುಟ್ಟ ತಂತಿ ಬಿಚ್ಚುವುದು, ಕಾಗದ ಕೂರಿಸುವುದು, ವಾರ್ನಿಷ್ ಹಾಕಿ ಒಣಗಿಸುವುದು. ಅವರ ಬಾಯಿಂದ ಬರುತ್ತಿದ್ದದ್ದು "ಆಮೇಲೆ?", "ಹೌದಾ ಮಾರಾಯ್ರೆ!", ಇವೆರಡೇ. ನಾನು ನಡುವೆ ನಿಲ್ಲಿಸಿದರೆ ಅವರು ಅವಸರ ಪಟ್ಟು ಮಾತು ತುಂಬುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ಆ ಸುಮ್ಮನಿರುವಿಕೆಯನ್ನು ತಡೆಯಲಾರದೆ ನಾನೇ ಮತ್ತೆ ಶುರು ಮಾಡುತ್ತಿದ್ದೆ. ಎದುರಿನ ಗಾಡಿಯಿಂದ ಮೆಣಸಿನಕಾಯಿ ಬಜ್ಜಿ ತರಿಸಿ ನನಗೂ ಕೊಟ್ಟರು. ವೈಂಡಿಂಗಿನಿಂದ ಕೆಲಸ ಕಲಿಸಿದ ಗುರುವಿಗೆ, ಅಲ್ಲಿಂದ ನನ್ನ ಬಿ.ಪಿ.ಗೆ, ಅಲ್ಲಿಂದ ಸುಮಾಳಿಗೆ ಮಾತು ಹೇಗೆ ಹರಿಯಿತೋ ಗೊತ್ತಿಲ್ಲ. ಭದ್ರಾವತಿಯ ಸಂಬಂಧ, ಮುರಿದ ನಿಶ್ಚಿತಾರ್ಥ, ಬೀದಿ ತುಂಬ ಬಂಗಾರ, ಎಲ್ಲ ಹೇಳಿದೆ. ಅವರೂ ತಮ್ಮ ಮಗಳನ್ನು ಕೊಡುವಾಗ ನಿದ್ದೆ ಇಲ್ಲದೆ ಅಂಗಳದಲ್ಲಿ ಓಡಾಡಿದ್ದನ್ನು ಹೇಳಿಕೊಂಡರು. ಕೊನೆಗೆ, "ಅಂದ್ರೆ ನಿಮಗೆ ಹುಡುಗನ ಮೇಲೆ ಸಿಟ್ಟಿಲ್ಲ. ಕಾರಣ ಏನು ಅಂತ ಗೊತ್ತಾಗ್ಲಿಲ್ವಲ್ಲ, ಅದೇ ಸಂಕಟ. ಸರೀನಾ?" ಎಂದರು. ನನ್ನ ತಲೆಯೊಳಗಿದ್ದ ಸಿಕ್ಕನ್ನು ಯಾರೋ ನೀಟಾಗಿ ಸುತ್ತಿ ಕೈಗೆ ಕೊಟ್ಟ ಹಾಗಾಯಿತು.

"ಮಗಳು ಏನಂತಾಳೆ?" ಎಂದು ಕೇಳಿದರು.

"ಅವಳನ್ನೇನು ಕೇಳೋದು? ನಿಮ್ಮಿಷ್ಟ ಅಪ್ಪ ಅಂದಿದಾಳೆ."

ಅವರು "ಹೂಂ" ಎಂದರು. ಅಷ್ಟೇ. ಹತ್ತು ನಿಮಿಷದ ಕೆಲಸ ಮುಗಿಯುವಾಗ ಶಾಲೆ ಬಿಟ್ಟ ಮಕ್ಕಳು ರಸ್ತೆಯಲ್ಲಿ ಹೋಗುತ್ತಿದ್ದರು. ಹಿರಿಯರು ಫ್ಯಾನೆತ್ತಿಕೊಂಡು ಹೊರಟುಹೋದರು. ಆ "ಹೂಂ" ಮಾತ್ರ ಅಂಗಡಿಯಲ್ಲೇ ಉಳಿಯಿತು.

ಮನೆಗೆ ಹೋದಾಗ ಸುಮಾ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕೂರದೆ ಪಕ್ಕಕ್ಕೆ ಕೂತು ಕಾಯಿ ಸುಲಿಯತೊಡಗಿದೆ. ಅವಳು ಗಾಬರಿಯಿಂದ "ಯಾಕಪ್ಪಾ, ಹುಷಾರಿಲ್ವಾ?" ಎಂದಳು. "ಈ ಸಲ ಕಾಯಲ್ಲಿ ಹುಳ ಜಾಸ್ತಿ" ಎಂದೆ. ನಾಲಿಗೆ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಸುಮ್ಮನೆ ಕೂತೆ. ನನ್ನ ಪಾಲಿಗೆ ಅದು ಹೊಸ ವ್ಯಾಯಾಮ. ಅರ್ಧ ಬುಟ್ಟಿ ಖಾಲಿಯಾದ ಮೇಲೆ ಅವಳೇ ಬಾಯಿಬಿಟ್ಟಳು.

"ಅಪ್ಪ, ಭದ್ರಾವತಿಗೆ ಮತ್ತೆ ಹೋದ್ರೆ ಒಂದು ವಿಷ್ಯ ತಿಳ್ಕೊಂಡು ಬರ್ತೀರಾ?"

"ಏನಮ್ಮಾ?"

"ಅವ್ರು ಮನೇಲಿ ಕೂಗಾಡ್ತಾರಾ ಅಂತ."

ಅಡುಗೆಮನೆಯಲ್ಲಿ ಗಿರಿಜಾಳ ಪಾತ್ರೆಯ ಸದ್ದು ನಿಂತಿತು. "ಮತ್ತೆ ಆ ನಿಶ್ಚಿತಾರ್ಥದ್ದು?" ಎಂದೆ.

"ಅದು ಒಂದ್ಸಲ ಆಗಿ ಮುಗಿದಿದ್ದಪ್ಪ. ಕೂಗಾಡೋದು ದಿನಾ ಇರುತ್ತೆ."

ನನ್ನ ಕೈಯಲ್ಲಿದ್ದ ಕಾಳು ಸಿಡಿದು ಎಲ್ಲೋ ಹೋಯಿತು. ಅದನ್ನು ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡಿದ್ದೆ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಹುಡುಗನ ಮನೆಗೇ ಹೋದೆವು. ಒಳಗೆ ಕಾಲಿಟ್ಟರೆ, ಸ್ಟೂಲಿನ ಮೇಲೆ ಅದೇ ಟೇಬಲ್ ಫ್ಯಾನು ಜೋರಾಗಿ ತಿರುಗುತ್ತಿದೆ, ಪಕ್ಕದಲ್ಲಿ ಅದೇ ಬಿಳಿ ಪಂಚೆ. "ಬನ್ನಿ ಯಜಮಾನ್ರೇ, ಈಗ ತಳ್ಳೋದೇ ಬೇಡ ನೋಡಿ!" ಹುಡುಗನ ದೊಡ್ಡಪ್ಪ ಹನುಮಂತಪ್ಪ. ಪೊಲೀಸ್ ಇಲಾಖೆಯಲ್ಲಿ ದಫೇದಾರರಾಗಿ ರಿಟೈರಾದವರು! ನನ್ನ ಮೈಯೆಲ್ಲ ಉರಿಯಿತು. "ಹೊಳಲೂರಿನೋನು ಅಂದ್ರಲ್ಲ ನೀವು!" ಎಂದೆ.

"ಹುಟ್ಟಿದ್ದು ಹೊಳಲೂರಲ್ಲೇ. ಫ್ಯಾನೂ ನಿಜವಾಗ್ಲೂ ಕೆಟ್ಟಿತ್ತು. ನೀವ್ಯಾರು ಅಂತ ಕೇಳಿದ್ರೆ ಅದನ್ನೂ ಹೇಳ್ತಿದ್ದೆ. ನೀವು ಕೇಳ್ಲೇ ಇಲ್ವಲ್ಲ" ಎಂದರು. ಇಡೀ ಊರಿಗೆ ಪ್ರಶ್ನೆ ಹಾಕುವ ನಾನು ಅವರಿಗೆ ಒಂದನ್ನೂ ಹಾಕಿರಲಿಲ್ಲ!

ಆಮೇಲೆ ಅವರಾಗಿಯೇ ಹೇಳಿದರು. ನಿಶ್ಚಿತಾರ್ಥವಾದ ಹುಡುಗಿಗೆ ಬೇರೆ ಯಾರ ಮೇಲೋ ಮನಸ್ಸಿತ್ತಂತೆ. ಅವಳು ಅಳುತ್ತಾ ಹೇಳಿಕೊಂಡಾಗ ಮಂಜುನಾಥ ತನಗೇ ಈ ಮದುವೆ ಬೇಡವೆಂದು ಹಿರಿಯರ ಮುಂದೆ ಹೇಳಿ ಬೈಗುಳ ತಿಂದನಂತೆ. ಬೀದಿಗೆಲ್ಲ ಗೊತ್ತು, ಹುಡುಗಿಯ ಹೆಸರು ಕೆಡಬಾರದೆಂದು ಯಾರೂ ಬಾಯಿ ಬಿಡುವುದಿಲ್ಲ. "ನನ್ನ ಮಾತು ನಂಬಬೇಡಿ, ನಾನು ಹುಡುಗನ ಕಡೆಯೋನು. ಹೋಗ್ತಾ ಮುರುಗೇಶನ್ನ ಕೇಳಿ. ಆದ್ರೆ ಮೊದ್ಲು ಕೂತು ಟೀ ಕುಡೀರಿ."

ನನ್ನ ಸಿಟ್ಟು ಇಳಿದು ಕುತೂಹಲ ಹತ್ತಿತು. "ಸ್ಟೇಷನ್ನಲ್ಲೂ ಹಿಂಗೇ ಮಾಡ್ತಿದ್ರಾ? ಲಾಠಿ ಇರ್ಲಿಲ್ವಾ?" ಎಂದೆ.

"ಲಾಠಿ ಇತ್ತು. ಹೊಡೆದ್ರೆ ಬಾಯೂ ಬಿಡ್ತಾರೆ. ಆದ್ರೆ ನಮಗೆ ಬೇಕಾಗಿದ್ದು ಹೇಳ್ತಾರೆ, ನಡೆದಿದ್ದು ಹೇಳಲ್ಲ. ಒಂದ್ಸಲ ಸಕ್ರೆಬೈಲಿನ ಆನೆ ಕ್ಯಾಂಪಿಗೆ ಬಂದೋಬಸ್ತಿಗೆ ಹಾಕಿದ್ರು. ಹೊಸದಾಗಿ ತಂದ ಆನೆ ಹತ್ರ ಮಾವುತ ಹೋಗಿ ಕೂರೋನು, ಬೆಲ್ಲ ಕೊಡೋನು, ಅದೂ ಇದೂ ಮಾತಾಡೋನು. ಏಳು ಅನ್ನಲ್ಲ, ಕೂರು ಅನ್ನಲ್ಲ. ಆನೆಗೇ ಆಗೋದು ಮನುಷ್ಯರಿಗೆ ಆಗಲ್ವಾ ಅನ್ನಿಸ್ತು." ನನಗೆ ಮೆಣಸಿನಕಾಯಿ ಬಜ್ಜಿ ನೆನಪಾಯಿತು.

ಮಗಳ ಪ್ರಶ್ನೆಯನ್ನು ಹೇಗೆ ಕೇಳುವುದೆಂದು ತಡವರಿಸುತ್ತಿದ್ದೆ. ಗಿರಿಜಾ ಮುಂದೆ ಬಿದ್ದು ಕೇಳಿಯೇಬಿಟ್ಟಳು. ದಫೇದಾರರು ಕನ್ನಡಕ ತೆಗೆದು ನಕ್ಕರು. "ಇಲ್ಲಮ್ಮಾ, ಅವನ ದನಿ ಅಡುಗೆಮನೆಗೂ ಕೇಳಲ್ಲ. ಆದ್ರೆ ನಮ್ಮ ಹುಡುಗನೂ ನನ್ನನ್ನ ಅದಕ್ಕೇ ಕಳಿಸಿದ್ದು. 'ಟೀ ಅಂಗಡೀಲಿ ಯಾರೋ ನನ್ನ ವಿಷ್ಯ ಕೇಳಿ ಕೂಗಾಡಿದ್ರಂತೆ, ಚಹರೆ ನೋಡಿದ್ರೆ ಹುಡುಗಿ ಅಪ್ಪನೇ. ಮಗಳೂ ಹಂಗೇನಾ, ತಿಳ್ಕೊಂಡು ಬಾ ದೊಡ್ಡಪ್ಪ' ಅಂದ."

"ಏನಂತ ಹೇಳಿದ್ರಿ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

"ನೀವು ಹೇಳಿದ್ದನ್ನೇ ಹೇಳ್ದೆ. ಅಷ್ಟು ಹೊತ್ತು ಮಗಳ ಬಗ್ಗೆ ಮಾತಾಡಿದ್ರಿ, ಒಂದ್ಸಲಾನೂ ನೀವು ದನಿ ಎತ್ಲಿಲ್ಲ. ಮನೆ ಒಳ್ಳೇದು ಅಂದೆ."

ವಾಪಸು ಬರುವಾಗ ಮುರುಗೇಶನ ಬೆಂಚಿನ ಮೇಲೆ ಕೂತೆವು. ಟೀ ಕುಡಿದೆ. ಸ್ಟವ್ವಿನ ಸದ್ದು, ಹಾಲಿನ ರೇಟು ಎಲ್ಲ ಮಾತಾಡಿದ ಮೇಲೆ ಅವನೇ ಹತ್ತಿರ ಬಂದು, "ಅವತ್ತು ಬಂದಿದ್ದು ನೀವಲ್ವಾ ಸಾರ್? ಪೊಲೀಸ್‌ನೋರು ಅಂದ್ಕೊಂಡ್ಬಿಟ್ಟೆ" ಎಂದು, ನಿಶ್ಚಿತಾರ್ಥದ ಕಥೆಯನ್ನು ಹುಡುಗಿಯ ಹೆಸರೊಂದನ್ನು ಬಿಟ್ಟು ಪೂರ್ತಿ ಹೇಳಿದ. ಪೊಲೀಸಿನವರ ಹಾಗೆ ಬಂದದ್ದು ಮೋಟಾರು ಸುತ್ತುವವನು. ಗಿರಾಕಿಯ ಹಾಗೆ ಬಂದವರು ಪೊಲೀಸಿನವರು.

ಮದುವೆಯಾಯಿತು. ಮಗಳು ಅಳಿಯ ಜಗಳವಾಡಿದರೂ ಪಕ್ಕದ ಮನೆಗೆ ತಿಳಿಯುವುದಿಲ್ಲ ಎಂದು ಗಿರಿಜಾ ವರದಿ ತಂದಿದ್ದಾಳೆ. ನಾನೂ ಈಗ ರೈತರಿಗೆ ಸ್ಟೂಲು ಕೊಟ್ಟು, ಬೆಳೆ ಹೇಗಿದೆ ಎಂದು ಶುರು ಮಾಡುತ್ತೇನೆ. ಮೋಟಾರನ್ನು ತಾವೇ ಸುಟ್ಟದ್ದು ಎಂದು ಒಪ್ಪಿಕೊಂಡವರೂ ಇದ್ದಾರೆ. ಆದರೆ ಆ ವಿದ್ಯೆಯಲ್ಲಿ ನಾನು ಕಲಿತದ್ದು ಅರ್ಧ ಮಾತ್ರ. ಅಪರಿಚಿತರು ಯಾರಾದರೂ ಟೇಬಲ್ ಫ್ಯಾನು ಹಿಡಿದು ಬಂದರೆ ಬಾಯಿಗೆ ಬೀಗ ಎಂದು ಗಟ್ಟಿಮನಸ್ಸು ಮಾಡಿಕೊಂಡಿದ್ದೆ. ಈಗ ನೋಡಿ, ನೀವು ಫ್ಯಾನು ತರಲಿಲ್ಲ, ಬಜ್ಜಿ ಕೊಡಿಸಲಿಲ್ಲ, "ಆಮೇಲೆ?" ಎಂದೂ ಅನ್ನಲಿಲ್ಲ. ಸುಮ್ಮನೆ ಕೂತು ಓದಿದಿರಿ ಅಷ್ಟೇ. ನಾನು ಮನೆಯ ವಿಷಯವನ್ನೆಲ್ಲ ಹೇಳಿ ಮುಗಿಸಿದ್ದೇನೆ. ನೀವ್ಯಾರು ಎಂದು ಈ ಸಲವೂ ಕೇಳಲಿಲ್ಲ.