ಶಶಿಧರ ಉಪ್ಸಾರು ರೆಕಾರ್ಡ್ ಮಾಡಿದ್ದು

"ಇನ್ನು ಮೇಲೆ ಈ ಮನೆಯ ಟೀವಿ ರೆಕಾರ್ಡಿಂಗಿಗೆ ಯಾವ ಕಂಪನಿಯ ಹಂಗೂ ಬೇಡ!" ಎಂದು ನಿಡಘಟ್ಟದ ಶಶಿಧರ ನಡುಮನೆಯಲ್ಲಿ ನಿಂತು ಸಾರಿದ. ಕೇಳಲು ಇದ್ದವರು ಇಬ್ಬರೇ. ಹೆಂಡತಿ ಕುಸುಮ ಸೊಪ್ಪು ಬಿಡಿಸುತ್ತಿದ್ದಳು. ತಾಯಿ ಚಿಕ್ಕಬೋರಮ್ಮನಿಗೆ ಕಿವಿ ಮಂದ. ಮಗನ ಘೋಷಣೆಗಳಿಂದ ಆಕೆಗೆ ಈವರೆಗೆ ಯಾವ ತೊಂದರೆಯೂ ಆಗಿರಲಿಲ್ಲ.

ಘೋಷಣೆಗೆ ಕಾರಣವಿತ್ತು. ಮಂಡ್ಯದ ಕೇಬಲ್ ವಾಹಿನಿಯವರು ಕುಸುಮಳನ್ನು ಕರೆಸಿ, ಅವಳ ಕೈಯಲ್ಲಿ ಉಪ್ಸಾರು ಮಾಡಿಸಿ ಚಿತ್ರ ತೆಗೆದುಕೊಂಡಿದ್ದರು. ಶನಿವಾರ ಮಧ್ಯಾಹ್ನ ಪ್ರಸಾರ, ಅದೂ ಒಂದೇ ಸಲ. ಆಮೇಲೆ ಅದನ್ನು ಅಳಿಸಿ ಆ ಜಾಗಕ್ಕೆ ಮುಂದಿನ ವಾರದ ಅಡುಗೆ ತುಂಬುವುದು ಅವರ ಪದ್ಧತಿ. ಆ ವಾಹಿನಿ ಹಲಗೂರಿಗೆ ಬರುವುದಿಲ್ಲ. ಕುಸುಮಳ ಅವ್ವ ಇರುವುದೋ ಹಲಗೂರಿನಲ್ಲಿ.

"ಅವ್ವಂಗೆ ತೋರುಸ್ತೀನಿ ಅಂತ ಮಾತು ಕೊಟ್ಟಿವ್ನಿ. ತಪ್ಪುದ್ರೆ ತವರಿಗೆ ಮಕ ತೋರ್ಸಂಗಿಲ್ಲ," ಎಂದಳು ಕುಸುಮ.

"ಅದು ನನ್ನ ಜವಾಬ್ದಾರಿ," ಎಂದ ಶಶಿಧರ. ಕುಸುಮಳಿಗೆ ಅಳುಕು ಶುರುವಾದದ್ದು ಆಗಲೇ.

ಶಶಿಧರ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾನೆ. ಅಲ್ಲಿ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿ ಪಡೆದು, ಬೈಕಿನ ಹಿಂದೆ ಕಟ್ಟಿಕೊಂಡು ತಂದ. ಕೇಬಲ್ ಪೆಟ್ಟಿಗೆಯನ್ನು ಅದಕ್ಕೆ, ಅದನ್ನು ಟೀವಿಗೆ ಜೋಡಿಸಿದ. ಉಳಿದದ್ದು ಸಾಫ್ಟ್‌ವೇರು. ಅದು ಓಪನ್ ಸೋರ್ಸೇ ಆಗಬೇಕೆಂಬುದು ಅವನ ವ್ರತ.

"ಅಂಗಂದ್ರೆ ಪುಕ್ಸಟ್ಟೆನಾ?"

"ಪುಕ್ಸಟ್ಟೆ ಅನ್ಬೇಡ. ಸ್ವತಂತ್ರ ಅನ್ನು. ಅದ್ರೊಳ್ಗೆ ಏನದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು."

"ನೀವು ನೋಡುದ್ರಾ?"

"ನೋಡ್ಬೋದು ಅಂದೆ ಕಣೆ. ನೋಡ್ದೆ ಅಂದ್ನಾ?"

ಹೆಣ್ಣು ನೋಡುವಾಗ ಒಂದೇ ಮನೆಯ ಉಪ್ಪಿಟ್ಟು ತಿಂದು ಒಪ್ಪಿಕೊಂಡಿದ್ದ ಶಶಿಧರ, ಸಾಫ್ಟ್‌ವೇರಿನ ವಿಷಯದಲ್ಲಿ ಮಾತ್ರ ಅವಸರಪಡಲಿಲ್ಲ. ಹತ್ತಾರನ್ನು ಇಳಿಸಿದ, ಹತ್ತಾರನ್ನು ಅಳಿಸಿದ. ಕೊನೆಗೆ ಕಣದಲ್ಲಿ ಎರಡು ಉಳಿದವು. ಒಂದಕ್ಕೆ ಕಪ್ಪು ಪರದೆ, ಬಿಳಿ ಅಕ್ಷರ, ಮುಖದಲ್ಲಿ ನಗುವೇ ಇಲ್ಲ. ಆದರೆ ಬಂದದ್ದನ್ನು ಬಂದ ಹಾಗೇ ಬರೆದಿಡುತ್ತಿತ್ತು. ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನದು ಉಳಿಯುತ್ತಿತ್ತು. ಇನ್ನೊಂದು ನವಿಲಿನಷ್ಟು ಬಣ್ಣದ್ದು. ಕನ್ನಡದಲ್ಲೇ ಮಾತಾಡಿಸುತ್ತಿತ್ತು. ಎಲ್ಲವನ್ನೂ ಮನಸ್ಸಿನಲ್ಲೇ ಇಟ್ಟುಕೊಂಡು, ಕಾರ್ಯಕ್ರಮ ಮುಗಿದ ಮೇಲೆ ಒಟ್ಟಿಗೇ ಕಟ್ಟಿ ಕೊಡುವ ಸ್ವಭಾವ. ಜೊತೆಗೆ, ರೆಕಾರ್ಡಿಂಗಿನ ಹೊತ್ತಿಗೆ ಟೀವಿಯನ್ನೂ ತಾನೇ ಹಾಕುವ ಜಾಣತನ.

"ಮೊದ್ಲುದ್ನೇ ಮಡಿಕಳಿ," ಎಂದಳು ಕುಸುಮ.

"ಅದ್ರ ಮಕ ನೋಡಿದ್ಯಾ?"

"ರೆಕಾರ್ಡ್ ಆಗ್ಬೇಕಾಗಿರೋದು ನನ್ನ ಮಕ ಅಲ್ವಾ?"

ಈ ವಾದದಲ್ಲಿ ಹುರುಳಿದೆ ಎಂದು ಶಶಿಧರನಿಗೆ ಅನ್ನಿಸಿತು. ಆದ್ದರಿಂದ ಉತ್ತರ ಕೊಡದೆ ಎರಡನೆಯದನ್ನೇ ಆರಿಸಿದ. ತಾಯಿ ಚಾನೆಲ್ ಬದಲಿಸದಿರಲೆಂದು ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಆಕೆ ಕಡೆಯದಾಗಿ ಧಾರಾವಾಹಿ ನೋಡುವಾಗ ಏರಿಸಿದ್ದ ಸದ್ದು ಹಾಗೇ ಉಳಿಯಿತು.

ಶನಿವಾರ ಬೆಳಿಗ್ಗೆ, ಎದುರುಮನೆಯ ದೊಡ್ಡಸಿದ್ದಯ್ಯ ತೀರಿಕೊಂಡರು. ತೊಂಬತ್ತು ದಾಟಿದ ಜೀವ, ಯಾರಿಗೂ ತೊಂದರೆ ಕೊಡದೆ ಹೋಯಿತು. ಬೀದಿಯಲ್ಲಿ ಹೆಣವಿದ್ದರೆ ಅದನ್ನು ಎತ್ತುವತನಕ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ, ಟೀವಿ ಹಾಕುವುದಿಲ್ಲ. ಎತ್ತಬೇಕಾದರೆ ಮಳವಳ್ಳಿ ಕಡೆಯ ನೆಂಟರು ಬರಬೇಕು. ಅವರು "ಬಂದೋ, ಮದ್ದೂರು ದಾಟ್ತಾ ಇದೀವಿ" ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದರು.

ಕುಸುಮಳ ಕಣ್ಣು ತುಂಬಿತು. ಸತ್ತವರಿಗಾಗಿ ಅರ್ಧ, ಉಪ್ಸಾರಿಗಾಗಿ ಅರ್ಧ.

"ಅಳ್ಬೇಡ. ಟೀವಿ ಹಾಕೋದೇ ಬ್ಯಾಡ. ಕಂಪ್ಯೂಟ್ರು ಅದ್ರ ಪಾಡಿಗೆ ಅದು ತುಂಬ್ಕತ್ತದೆ," ಎಂದ ಶಶಿಧರ. ಇಂಥ ದಿನಕ್ಕೆಂದೇ ತಾನು ಹುಟ್ಟಿದೆನೇನೋ ಎಂಬ ಧನ್ಯತೆಯಲ್ಲಿ ಪಂಚೆ ಉಟ್ಟು ಎದುರುಮನೆಯ ಜಗಲಿಯಲ್ಲಿ ಹೋಗಿ ಕುಳಿತ.

ಮಧ್ಯಾಹ್ನವಾಯಿತು. ನೆಂಟರು ಇನ್ನೂ ಮದ್ದೂರು ದಾಟುತ್ತಿದ್ದರು. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಇಲ್ಲ. ದೊಡ್ಡಸಿದ್ದಯ್ಯನವರ ಮಗಳು ಹೊಂಬಾಳಮ್ಮ ಮಾತ್ರ ತಂದೆಯ ಗುಣಗಳನ್ನು ಎತ್ತಿ ಎತ್ತಿ ಅಳುತ್ತಿದ್ದಳು. ಅಷ್ಟರಲ್ಲಿ ಶಶಿಧರನ ಮನೆಯಿಂದ ಡೋಲು, ನಾದಸ್ವರ ಮೊಳಗಿದವು. ಬೀದಿಗೆ ಬೀದಿಯೇ ತಿರುಗಿತು.

"ನಮಸ್ಕಾರ, ನಾನು ನಿಡಘಟ್ಟದ ಕುಸುಮ! ಮೊದಲು ಬೆಳ್ಳುಳ್ಳಿ, ಮೆಣಸಿನಕಾಯಿ ಎರಡನ್ನೂ ಕೆಂಡದಲ್ಲಿ ಸುಡಿ. ಆ ಘಮಕ್ಕೇ ಹಸಿವಾಗ್ಬೇಕು!"

ಜಗಲಿಯ ಮೇಲಿದ್ದ ಅಷ್ಟೂ ಗಂಡಸರು ಒಟ್ಟಿಗೇ ಉಗುಳು ನುಂಗಿದರು. ಹೊಂಬಾಳಮ್ಮನ ಅಳು ಒಂದು ಗಳಿಗೆ ನಿಂತು, ಮತ್ತೆ ಹೊಸ ಜಾಡು ಹಿಡಿಯಿತು. "ಉಪ್ಸಾರು ಉಣ್ದಂಗೆ ಒಂಟೋದ್ಯಲ್ಲಪ್ಪೋ! ಬೆಳ್ಳುಳ್ಳಿ ಸುಡೋದೂ ಕೇಳ್ದಂಗೆ ಮಲುಗ್ಬುಟ್ಯಲ್ಲಪ್ಪೋ!"

ಶಶಿಧರ ಓಡಿದ. ಟೀವಿಯ ಗುಂಡಿ ಒತ್ತಿದ, ಆರಿತು. ಒಡೆಯನ ಮಾತು ಮೀರದ ಸಾಫ್ಟ್‌ವೇರು ಮರುಗಳಿಗೆಯೇ ಮತ್ತೆ ಹಾಕಿತು. ಮತ್ತೆ ಆರಿಸಿದ, ಮತ್ತೆ ಹಾಕಿತು. ರಿಮೋಟು ಬೀರುವಿನಲ್ಲಿ, ಬೀರುವಿನ ಕೀಲಿ ಎಲ್ಲೋ. ಕಿಟಕಿಯ ತುಂಬ ಆಗಲೇ ತಲೆಗಳು. ಸದ್ದಡಗಿಸಲು ಟೀವಿಯ ಮೇಲೆ ಏನಾದರೂ ಹೊದಿಸಬೇಕೆಂದು ಸುತ್ತ ನೋಡಿದ, ಏನೂ ಸಿಗಲಿಲ್ಲ. ಉಟ್ಟಿದ್ದ ಪಂಚೆಯನ್ನೇ ಬಿಚ್ಚಿ ಹೊದಿಸಿದ. ಪಟಾಪಟಿ ಚಡ್ಡಿಯಲ್ಲಿ ಎರಡೂ ಕೈ ಅಗಲಿಸಿ ಟೀವಿಗೆ ಅಡ್ಡ ನಿಂತ. ಪಂಚೆಯ ಒಳಗಿಂದ ಕುಸುಮ ಏನೂ ಆಗದವಳಂತೆ ಖಾರ ಅರೆಯುತ್ತಿದ್ದಳು.

"ಕೊನೆಯಲ್ಲಿ ಒಂದು ಗುಟ್ಟು ಹೇಳ್ತೀನಿ, ಯಾರಿಗೂ ಗೊತ್ತಿಲ್ಲ, ಅದೇನಪ್ಪ ಅಂದ್ರೆ..."

ಶಶಿಧರ ಬಾಗಿಲ ಮೇಲಿನ ಫ್ಯೂಸ್ ಕಿತ್ತ.

ಮನೆ ಮೌನವಾಯಿತು. ಕಿಟಕಿಯಲ್ಲಿ ಹೊಂಬಾಳಮ್ಮ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು. "ಯಾಕ್ಲಾ ಕಿತ್ತೆ? ಆಡ್ಲಿ ಅನ್ನಕ್ಕೇ ಬಂದೆ. ನಮ್ಮಪ್ಪ ಕುಸುಮನ ಉಪ್ಸಾರು ಅಂದ್ರೆ ಪ್ರಾಣ ಬುಡ್ತಿತ್ತು. ಕೇಳುಸ್ಕಂಡು ಓಗ್ಲಿ ಅಂತಿದ್ದೆ." ಆಮೇಲೆ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಪಂಚೆ ಉಟ್ಕಳಪ್ಪ," ಎಂದಳು.

ಅವಳ ಹಿಂದೆ ಕುಸುಮ ನಿಂತಿದ್ದಳು. ಶಶಿಧರ ಮತ್ತೆ ಫ್ಯೂಸ್ ಹಾಕಿದ. ಟೀವಿಯಲ್ಲಿ ಸೀರೆ ಅಂಗಡಿಯ ಜಾಹೀರಾತು ಬರುತ್ತಿತ್ತು. ಕಂಪ್ಯೂಟರು ಮುದ್ದಾದ ಕನ್ನಡದಲ್ಲಿ, "ಕ್ಷಮಿಸಿ, ರೆಕಾರ್ಡಿಂಗ್ ಅಪೂರ್ಣ, ಏನೂ ಉಳಿದಿಲ್ಲ," ಎಂದಿತು. ಆ ಕರಿಮುಖದ್ದನ್ನು ಆರಿಸಿದ್ದರೆ ಇಷ್ಟಾದರೂ ಉಳಿಯುತ್ತಿತ್ತು. ಕುಸುಮ ಕೇಳಿದ್ದು ಇದೊಂದೇ, ಅದನ್ನೂ ಕೈಯಾರೆ ಕಿತ್ತುಹಾಕಿದ್ದ.

ಕುಸುಮ ಗಂಡನೊಂದಿಗೆ ಮಾತು ಬಿಟ್ಟಳು. ಉಪ್ಸಾರಿನ ಗುಟ್ಟೇನೆಂದು ಕೇಳಿದವರಿಗೆಲ್ಲ, "ಟೀವೀಲಿ ಏಳಿದ್ದೆ, ನಮ್ಮನೆಯವರನ್ನ ಕೇಳಿ," ಎನ್ನುತ್ತಿದ್ದಳು.

ದೊಡ್ಡಸಿದ್ದಯ್ಯನವರ ಸಮಾಧಿಗೆ ಹಾಲುತುಪ್ಪ ಬಿಟ್ಟ ದಿನ ಚಿಕ್ಕಬೋರಮ್ಮ ತನ್ನ ಫೋನನ್ನು ಸೊಸೆಯ ಕೈಗಿಟ್ಟಳು. "ಇದ್ರಲ್ಲಿ ಅದೆ ನೋಡವ್ವ. ನನ್ ಸೊಸೆ ಟೀವೀಲಿ ಬಂದ್ರೆ ನಾನು ಇಡ್ಕಳ್ದೆ ಇದ್ದೇನಾ? ಕಿಟಕೀಲಿ ನಿಂತ್ಕಂಡು ವೀಡಿಯೊ ಇಡ್ದೆ."

ಇತ್ತು. ಮೊದಲು ಟೀವಿಯಲ್ಲಿ ನಗುವ ಕುಸುಮ, ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಪಂಚೆ. ಆಮೇಲೆ ಕಡೆಯತನಕ ಪಟಾಪಟಿ ಚಡ್ಡಿ. ದನಿ ಮಾತ್ರ ಸ್ಪಷ್ಟ.

ಬೇರೆ ಗತಿಯಿರಲಿಲ್ಲ. ಭಾನುವಾರ ಗಂಡ ಹೆಂಡಿರಿಬ್ಬರೂ ಹಲಗೂರಿನ ಬಸ್ಸು ಹತ್ತಿದರು. ಕುಸುಮಳ ಅವ್ವ ಕನ್ನಡಕ ಹಾಕಿಕೊಂಡು, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಕಡೆಯತನಕ ನೋಡಿದರು. ಮುಗಿದ ಮೇಲೆ ಇನ್ನೊಂದು ಸಲ ನೋಡಿದರು. ಶಶಿಧರ ಕಾಫಿ ಲೋಟದೊಳಗೆ ಮುಖವಿಟ್ಟುಕೊಂಡು, ಉಟ್ಟ ಪಂಚೆಯನ್ನು ಇನ್ನಷ್ಟು ಬಿಗಿಮಾಡಿಕೊಂಡ.

"ದನಿ ಬಲೇ ಚೆಂದಾಗದೆ ಕಣವ್ವ," ಎಂದರು ಕೊನೆಗೆ. ಕುಸುಮಳ ಮುಖ ಅರಳಿತು. ಅವ್ವ ಫೋನನ್ನು ಇನ್ನಷ್ಟು ಹತ್ತಿರ ತಂದು, ದನಿ ತಗ್ಗಿಸಿದರು.

"ಆದ್ರೆ ಅಳೀಮಯ್ಯನ ಕಾಲು ನೋಡು, ಕಡ್ಡಿಯಂಗಾಗೋಗವೆ. ಊರೋರ್ಗೆಲ್ಲ ಸಾರು ಏಳ್ಕೊಡೋದು ಆಮೇಕಿರ್ಲಿ, ಮೊದ್ಲು ಅವ್ರಿಗೆ ಒಸಿ ಇಕ್ಕವ್ವ."