ಕುಂದಲಹಳ್ಳಿಯ ಅಣುನೌಕೆ

ಈರೇಶನಿಗೆ ಗ್ರಹಚಾರ ಶುರುವಾದದ್ದು ಶನಿವಾರ ಬೆಳಿಗ್ಗೆ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ. ಅದೂ ಅವನು ಅಲ್ಲಿ ಇಲ್ಲದಿರುವಾಗ. ಮೇಲಿನ ಮನೆಯ ಅಂಬರೀಶ್ ಐದು ಮಹಡಿ ಇಳಿಯುವವರೆಗೂ ತನ್ನ ಹೊಸ ಕಾರನ್ನು ಹೊಗಳಿಕೊಂಡಿದ್ದ. ಈರೇಶನ ಹೆಂಡತಿ ಸ್ಫೂರ್ತಿಗೆ ತಡೆಯಲಾಗಲಿಲ್ಲ.

"ನಮ್ಮನಿಯವ್ರು ನೌಕಾಪಡೆಗೆ ಅಣುಶಕ್ತಿ ಹಡಗು ಡಿಸೈನ್ ಮಾಡಾಕತ್ತಾರ್ರಿ. ವಿಮಾನ ಇಳಿಯೂವಂಥಾದ್ದು."

ಲಿಫ್ಟಿನ ಬಾಗಿಲು ತೆರೆಯುವಷ್ಟರಲ್ಲಿ ಅಂಬರೀಶ್ ಸುದ್ದಿಯನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿಯಾಗಿತ್ತು.

ಮಾತು ಪೂರ್ತಿ ಸುಳ್ಳಲ್ಲ. ಅಂಥದೊಂದು ಹಡಗಿನ ಪ್ರಸ್ತಾವ ಇತ್ತು. ಅದರ ನಕ್ಷೆಯ ಒಂದು ತುಣುಕು ನಾಲ್ಕಾರು ಕೈ ದಾಟಿ ವೈಟ್‌ಫೀಲ್ಡಿನ ಈರೇಶನ ಕಂಪನಿಗೆ ಬಂದಿತ್ತು. ಆ ತುಣುಕಿನಲ್ಲಿ ತನ್ನ ಪಾಲಿನ ಕೆಲಸವೇನೆಂದು ಅವನು ಹೆಂಡತಿಗೂ ಬಿಡಿಸಿ ಹೇಳಿರಲಿಲ್ಲ. ಹೇಳಿಕೊಂಡು ಮೆರೆಯುವಂಥದ್ದೂ ಅದಾಗಿರಲಿಲ್ಲ.

ಒಂಬತ್ತಕ್ಕೆ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ಚನ್ನವೀರಪ್ಪನವರು ಬಂದು ಸೋಫಾದಲ್ಲಿ ಲಂಗರು ಹಾಕಿದರು. ದಾವಣಗೆರೆಯ ಕಾಲೇಜೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಸಮುದ್ರವನ್ನು ಜೀವಮಾನದಲ್ಲಿ ಒಂದೇ ಸಲ, ಬಸ್ಸಿನ ಕಿಟಕಿಯಿಂದ ನೋಡಿದ್ದರು. ಹಡಗಿನ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಮಾತ್ರ ಏನೂ ಇರಲಿಲ್ಲ.

"ಹಡಗಿಗೆ ನಲವತ್ತು ಸಾವಿರ ಟನ್ ತೂಕ ಏತಕ್ಕೂ ಸಾಲಲ್ಲಪ್ಪಾ, ಎಪ್ಪತ್ತೈದು ಮಾಡಿ. ಮತ್ತೆ ದೇವರಮನೆ ಈಶಾನ್ಯಕ್ಕೇ ಬರ್ಬೇಕು."

"ಸಾರ್, ಹಡಗು ತಿರುಗ್ತಾನೇ ಇರುತ್ತೆ. ಈಶಾನ್ಯ ಯಾವ್ದು ಅಂತ ಹಿಡಿಯೋದು?"

"ಅದನ್ನ ಯೋಚ್ನೆ ಮಾಡೋಕೇ ಅಲ್ವೇನ್ರೀ ನಿಮ್ಮನ್ನ ಇಂಜಿನಿಯರ್ ಅನ್ನೋದು!"

ಹನ್ನೊಂದಕ್ಕೆ ಅಂಬರೀಶ್ ಬಂದ. ಮೊಬೈಲಿನಲ್ಲಿ ವಿಕಿರಣ ಅಳೆಯುವ ಆ್ಯಪ್ ಇಳಿಸಿಕೊಂಡಿದ್ದ. ದೃಷ್ಟಿ ತೆಗೆಯುವವನ ಹಾಗೆ ಅದನ್ನು ಮನೆಯೆಲ್ಲ ಸುಳಿಸಿದ. ಕುಕ್ಕರಿನ ಹತ್ತಿರ ಅದು ಕೀ ಕೀ ಎಂದಿತು. ಅವನದೇ ಕೈಗಡಿಯಾರದ ಹತ್ತಿರವೂ ಎಂದಿತು. ಅದನ್ನು ಅವನು ಗಣನೆಗೆ ತೆಗೆದುಕೊಳ್ಳಲಿಲ್ಲ.

"ನಿಜ ಹೇಳು ಗುರು, ರಿಯಾಕ್ಟರ್ ಸ್ಯಾಂಪಲ್ ಏನಾದ್ರೂ ಮನೇಗೆ ತರ್ತೀಯಾ?"

"ಅದೇನು ಮೈಸೂರ್‌ಪಾಕಾ, ಸ್ಯಾಂಪಲ್ ತರೋಕೆ?" ಎಂದ ಈರೇಶ್.

ಅಂಬರೀಶ್ ಗ್ರೂಪಿಗೆ ಬರೆದ: 'ಸರಿಯಾಗಿ ಉತ್ತರ ಕೊಡ್ತಿಲ್ಲ.'

ಮಧ್ಯಾಹ್ನದ ಹೊತ್ತಿಗೆ ಈರೇಶ್ ಹತ್ತಿದರೆ ಲಿಫ್ಟಿನಿಂದ ಉಳಿದವರು ಇಳಿಯತೊಡಗಿದರು. ನೀರಿನ ಕ್ಯಾನ್ ತರುವವನು ಮೆಟ್ಟಿಲ ಮೇಲೇ ಇಟ್ಟು ಓಡಿದ. ಮೂರಕ್ಕೆ ಮನೆಯ ಮಾಲೀಕ ಕೃಷ್ಣಪ್ಪ ಬಂದ. ಅಪಾರ್ಟ್‌ಮೆಂಟ್ ನಿಂತಿದ್ದೇ ಒಂದು ಕಾಲದ ಅವನ ರಾಗಿ ಹೊಲದಲ್ಲಿ. ಎಂಟು ಮನೆಗಳು ಈಗಲೂ ಅವನವೇ.

"ನೋಡಪ್ಪಾ, ಮನೆ ಕೊಟ್ಟಿದ್ದು ಸಂಸಾರ ಮಾಡಕ್ಕೆ. ಸಂಜೆ ಮೀಟಿಂಗ್ನಾಗೆ ಎಲ್ರೂ ಊ ಅಂದ್ರೆ ಇರು. ಇಲ್ದಿದ್ರೆ ಖಾಲಿ ಮಾಡು."

ಈರೇಶ್ ಮನೆ ಬಿಡುವಂತಿರಲಿಲ್ಲ. ಎರಡು ವರ್ಷ ಅಲೆದ ಮೇಲೆ ಪಕ್ಕದ ಬೀದಿಯ ಶಾಲೆಯಲ್ಲಿ ಮಗಳಿಗೆ ಸೀಟು ಸಿಕ್ಕಿತ್ತು.

ಸಂಜೆ ಐದಕ್ಕೆ ಕೆಳಗಿನ ಹಾಲ್ ತುಂಬಿತ್ತು. ನಲ್ಲಿಯಲ್ಲಿ ನೀರು ಬಾರದಿದ್ದಾಗ ಕರೆದ ಸಭೆಗೆ ಒಂಬತ್ತೇ ಜನ ಬಂದಿದ್ದರು. ಇಂದು ನೂರಕ್ಕೆ ಕಮ್ಮಿಯಿಲ್ಲ. ಬೆಳಿಗ್ಗೆ ಎಪ್ಪತ್ತೈದು ಸಾವಿರ ಟನ್ ಕೇಳಿದ್ದ ಚನ್ನವೀರಪ್ಪನವರೇ ಮೈಕ್ ಹಿಡಿದು, "ಹೆಚ್ಚುಕಮ್ಮಿ ಆದ್ರೆ ಕುಂದಲಹಳ್ಳಿ ಕೆರೆ ಸಾರಿನ ಹಾಗೆ ಕುದಿಯುತ್ತೆ!" ಎಂದು ಗುಡುಗಿದರು. ಜನ ಚಪ್ಪಾಳೆ ತಟ್ಟಿದರು. ಅಂಬರೀಶ್ ಮುಂದಿನ ಸಾಲಿನಲ್ಲಿ ಕೂತು ವಿಡಿಯೋ ಮಾಡುತ್ತಿದ್ದ.

ಈರೇಶ್ ಎದ್ದು ನಿಂತ. ಮಾನ ಹೋದರೂ ಸರಿ, ಮನೆ ಉಳಿಯಬೇಕಿತ್ತು.

"ನಿಲ್ಸಿ! ನಾನು ರಿಯಾಕ್ಟರನ್ನ ಚಿತ್ರದಲ್ಲೂ ಸರಿಯಾಗಿ ನೋಡಿಲ್ಲ. ಆ ಹಡಗಲ್ಲಿ ನನ್ನ ಕೆಲ್ಸ ಕಕ್ಕಸು. ಬರೀ ಕಕ್ಕಸು! ಅಧಿಕಾರಿಗಳಿಗೆ ಮೂವತ್ತಾರು, ನಾವಿಕರಿಗೆ ನೂರಾ ತೊಂಬತ್ತೆರಡು. ಅದರ ಪೈಪು ಎಲ್ಲಿಂದ ಎಲ್ಲಿಗೆ ಹೋಗ್ಬೇಕು ಅಂತ ಗೆರೆ ಎಳೀತೀನಿ. ಸಾಕಾ?"

ನಗು ಹಾಲಿನ ಮೂಲೆಯಿಂದ ಮೂಲೆಗೆ ಹರಡಿತು. ಚನ್ನವೀರಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸ್ಫೂರ್ತಿ ನೆಲ ನೋಡುತ್ತ ಕೂತಳು. ಈರೇಶ್ ಇರಲಿ ಅನ್ನೋರು ಕೈ ಎತ್ತಿ ಎಂದು ಅವರು ಕೇಳಿದಾಗ ಎಲ್ಲರ ಕೈಯೂ ಮೇಲೆದ್ದಿತು. ಇಂಥವನಿಂದ ಯಾರಿಗೇನು ಅಪಾಯ!

"ಮದ್ಲೇ ಯೋಳಬಾರ್ದಾ?" ಎಂದು ಕೃಷ್ಣಪ್ಪ ಬೆನ್ನು ತಟ್ಟಿದ.

ಮನೆಗೆ ಬಂದವಳೇ ಸ್ಫೂರ್ತಿ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಈರೇಶ್ ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತ. ಹೋಗಲಿ, ಮಗಳ ಶಾಲೆಯಂತೂ ಉಳಿಯಿತು ಎನ್ನುವಾಗ ಕಂಪನಿಯ ಮ್ಯಾನೇಜರ್ ಶ್ರೀಧರ್ ಅವರ ಫೋನ್ ಬಂತು.

"ನಿಮ್ಮ ಭಾಷಣದ ವಿಡಿಯೋ ವಾಟ್ಸಾಪಲ್ಲಿ ಬಂತು, ನೋಡ್ದೆ."

"ಸಾರ್, ರಿಯಾಕ್ಟರ್ ಅಂತ ಎಲ್ರೂ ಹೆದರಿಬಿಟ್ಟಿದ್ರು, ಅದಕ್ಕೇ..."

"ರಿಯಾಕ್ಟರ್ ಅಂತ ಸಾವಿರ ಸಲ ಕೂಗ್ಬೋದಿತ್ತು ಕಣ್ರೀ, ಅದು ಪೇಪರಲ್ಲೇ ಬಂದಿದೆ! ಹಡಗಲ್ಲಿ ಎಷ್ಟು ಜನ ಇರ್ತಾರೆ ಅನ್ನೋದು ಗುಟ್ಟು. ಕಕ್ಕಸು ಎಷ್ಟು ಅಂತ ಗೊತ್ತಾದ್ರೆ ಜನ ಎಷ್ಟು ಅಂತ ಸ್ಕೂಲ್ ಮಕ್ಳೂ ಲೆಕ್ಕ ಹಾಕ್ತಾರೆ. ಸೋಮವಾರದಿಂದ ಬರ್ಬೇಡಿ."

ಈರೇಶ್ "ಕೆಲ್ಸದಿಂದಾನೇ ತೆಗೀತೀರಾ ಸಾರ್?" ಎಂದು ಅರಚಿದ್ದು ಮೇಲಿನ ಬಾಲ್ಕನಿಯಲ್ಲಿದ್ದ ಅಂಬರೀಶನಿಗೂ ಸ್ಪಷ್ಟವಾಗಿ ಕೇಳಿಸಿತು.

ಐದು ನಿಮಿಷ ಆಗಿರಲಿಲ್ಲ, ಕರೆಗಂಟೆ ಸದ್ದಾಯಿತು. ಕೃಷ್ಣಪ್ಪ ಮೊಬೈಲ್ ಹಿಡಿದು ನಿಂತಿದ್ದ.

"ಗ್ರೂಪ್ನಾಗೆ ನೋಡ್ದೆ ಕಣಪ್ಪಾ, ಪಾಪ. ಆದ್ರೆ ಕೆಲ್ಸ ಇಲ್ದೋರ್ಗೆ ನಾ ಮನೆ ಕೊಡಾಕಿಲ್ಲ. ತಿಂಗ್ಳ ಕೊನೇಗೆ ಬೀಗದ ಕೈ ಕೊಟ್ಬುಡು."